ಗಾಡಿ ನಿಂತ ವರ್ಷ: ಬ್ರಿಟನ್ನಿನ ಹಳೇ ಕಾರು ಕ್ಲಬ್‌ಗಳು ಕೊರೋನಾ ಕಾಲ ದಾಟಿದ ಕಥೆ

ಎಂದಿನಂತೆ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ, ಓದೋಕೆ ಅನುಕೂಲ ಆಗೋ ಹಾಗೆ ಇಲ್ಲಿ ಹಾಕಿದ್ದೇನೆ.

2020ರ ನವೆಂಬರ್ 1 ನೆನಪಿದೆಯಾ? ಭಾನುವಾರ. ನಾವು ಪುಣೆಯಲ್ಲಿರೋ ಒಂದಿಪ್ಪತ್ತು ಕನ್ನಡದ ಮನೆಯವರು ಪ್ರತಿ ವರ್ಷ ಸೊಸೈಟಿಯ ಹಾಲ್‌ನಲ್ಲಿ ಸೇರಿ ರಾಜ್ಯೋತ್ಸವ ಮಾಡ್ತಿದ್ದೆವು. ಆ ವರ್ಷ ಒಬ್ಬರು ಟೆರೇಸ್ ಮೇಲೆ ಬಾವುಟ ಹಾರಿಸಿದರು, ಉಳಿದವರೆಲ್ಲ ಝೂಮ್‌ನಲ್ಲಿ. ನಾಡಗೀತೆ ಶುರುವಾದ ಮೇಲೆ ಗೊತ್ತಾಯ್ತು, ಇಂಟರ್ನೆಟ್‌ನಲ್ಲಿ ಇಪ್ಪತ್ತು ಮನೆಯವರು ಒಟ್ಟಿಗೆ ಹಾಡೋಕೆ ಆಗಲ್ಲ ಅಂತ. ಒಬ್ಬರು ಪಲ್ಲವಿಯಲ್ಲಿದ್ದರೆ ಇನ್ನೊಬ್ಬರು ಚರಣ ಮುಗಿಸಿದ್ದರು. ಕೊನೆಗೆ ಎಲ್ಲರೂ ಮ್ಯೂಟ್ ಆಗಿ ಒಬ್ಬರೇ ಹಾಡಿದರು.

ಅದೇ ಭಾನುವಾರ ಲಂಡನ್ನಿನಲ್ಲೂ ಒಂದು ಹಬ್ಬ ನಡೆಯಬೇಕಿತ್ತು. ಪ್ರತಿ ವರ್ಷ ನವೆಂಬರ್ ಮೊದಲ ಭಾನುವಾರ, ಸೂರ್ಯ ಹುಟ್ಟೋ ಹೊತ್ತಿಗೆ, ಹೈಡ್ ಪಾರ್ಕ್‌ನಿಂದ ನೂರಾರು ಹಳೇ ಕಾರುಗಳು ಸಮುದ್ರದಂಡೆಯ ಬ್ರೈಟನ್ ಊರಿಗೆ ಹೊರಡುತ್ತವೆ. ದೂರ ಸುಮಾರು 60 ಮೈಲಿ. ಷರತ್ತು ಒಂದೇ: ಕಾರು 1905ಕ್ಕಿಂತ ಮೊದಲು ತಯಾರಾಗಿರಬೇಕು. 2020ರಲ್ಲಿ ಅದು ಮೊದಲೇ ರದ್ದಾಗಿತ್ತು. ಅದರ ಹಿಂದಿನ ದಿನ ಸಂಜೆಯಷ್ಟೇ ಇಂಗ್ಲೆಂಡಿನ ಎರಡನೇ ಲಾಕ್‌ಡೌನ್ ಘೋಷಣೆಯೂ ಆಗಿತ್ತು.

ಈ ಓಟದ ಬಗ್ಗೆ ನಾನು ಓದೋಕೆ ಶುರು ಮಾಡಿದ್ದೇ ಆ ಲಾಕ್‌ಡೌನ್‌ನಲ್ಲಿ. ಕಾರಣ ನಮ್ಮಪ್ಪನ ಅಂಬಾಸಡರ್. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಈ ಬ್ರೈಟನ್ ಓಟ ಯಾಕೆ ಶುರುವಾಯ್ತು ನೋಡೋಣ.

1865ರ ಬ್ರಿಟಿಷ್ ಕಾನೂನಿನ ಪ್ರಕಾರ ಎತ್ತು-ಕುದುರೆ ಇಲ್ಲದೆ ರಸ್ತೆ ಮೇಲೆ ಓಡೋ ಗಾಡಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮಿತಿ. ಗಾಡಿಗಿಂತ 60 ಗಜ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೀಬೇಕು. ಈ ಬಾವುಟದ ನಿಯಮ 1896ರವರೆಗೂ ಇತ್ತು ಅಂತ ತುಂಬಾ ಕಡೆ ಓದ್ತೀವಿ. ಅದು ತಪ್ಪು. 1878ರಲ್ಲೇ ಬಾವುಟದ ಕಡ್ಡಾಯ ಹೋಯಿತು. ಮುಂದೆ ನಡೆಯೋ ಮನುಷ್ಯ ಮಾತ್ರ ಉಳಿದ, ದೂರ 20 ಗಜಕ್ಕೆ ಇಳಿಯಿತು. ಆ ಮನುಷ್ಯನಿಗೂ ರಜೆ ಸಿಕ್ಕಿದ್ದು 1896ರ ಹೊಸ ಕಾನೂನಿನಿಂದ. ವೇಗದ ಮಿತಿ 14 ಮೈಲಿಗೆ ಏರಿತು, ಸ್ಥಳೀಯ ಆಡಳಿತ ಮಂಡಳಿ ಅದನ್ನ 12ಕ್ಕೆ ಇಳಿಸಿತು ಅನ್ನೋದು ಬೇರೆ ಮಾತು. ಕಾನೂನು ಜಾರಿಗೆ ಬಂದ ದಿನ, 1896ರ ನವೆಂಬರ್ 14ರಂದು, ಹ್ಯಾರಿ ಲಾಸನ್ ಅನ್ನೋ ಉದ್ಯಮಿ ಲಂಡನ್ನಿನಿಂದ ಬ್ರೈಟನ್‌ಗೆ ಕಾರುಗಳ ಮೆರವಣಿಗೆ ಹೊರಡಿಸಿದ. ಹೊರಡೋ ಮೊದಲು ಒಂದು ಕೆಂಪು ಬಾವುಟ ಹರಿದರು. 18 ವರ್ಷದ ಹಿಂದೆಯೇ ಕಡ್ಡಾಯ ತಪ್ಪಿದ್ದ ಬಾವುಟ ಅದು! ಆದರೂ ಇವತ್ತಿಗೂ ಪ್ರತಿ ವರ್ಷ ಹರೀತಾರೆ.

1927ರಲ್ಲಿ ಅದರ ನೆನಪಿಗೆ ಮತ್ತೆ ಅದೇ ದಾರಿಯಲ್ಲಿ ಹಳೇ ಕಾರುಗಳನ್ನ ಓಡಿಸಿದರು. 1930ರ ಓಟ ಮುಗಿದ ಮೇಲೆ ಬ್ರೈಟನ್ನಿನ ಓಲ್ಡ್ ಶಿಪ್ ಹೋಟೆಲಿನಲ್ಲಿ ಕೂತ ಕೆಲವರು, ವರ್ಷಕ್ಕೊಂದು ದಿನ ಸಾಲದು, ಇದಕ್ಕೆ ಒಂದು ಸಂಘ ಬೇಕು ಅಂದುಕೊಂಡರು. ಹಾಗೆ ಹುಟ್ಟಿದ್ದು ವೆಟರನ್ ಕಾರ್ ಕ್ಲಬ್ ಆಫ್ ಗ್ರೇಟ್ ಬ್ರಿಟನ್.

ಕ್ಲಬ್ ಅಂದ್ರೆ ಭಾನುವಾರ ಕಾರು ನಿಲ್ಲಿಸಿ ಚಹಾ ಕುಡಿಯೋರು ಅಂತ ನಾನೂ ಅಂದ್ಕೊಂಡಿದ್ದೆ. ನಿಜವಾದ ಕೆಲಸ ಬೇರೆಯೇ ಇದೆ. ಒಂದು ಕಾರು 1904ರದ್ದಾ, 1906ರದ್ದಾ ಅಂತ ಯಾರು ಹೇಳಬೇಕು? ಕಂಪನಿ ಮುಚ್ಚಿ ನೂರು ವರ್ಷ ಆಗಿರುತ್ತೆ. ಚಾಸಿ ಒಂದು ಕಡೆಯದು, ಎಂಜಿನ್ ಇನ್ನೊಂದು ಕಡೆಯದು. ಎಂಜಿನ್ ನಂಬರು, ಹಳೇ ಕ್ಯಾಟಲಾಗು, ಫೋಟೋ ಎಲ್ಲ ತಾಳೆ ಹಾಕಿ ಕ್ಲಬ್ ಕಾಲನಿರ್ಣಯದ ಪ್ರಮಾಣಪತ್ರ ಕೊಡುತ್ತೆ. ಶಾಸನ ಓದೋರು ಲಿಪಿ ನೋಡಿ ಶತಮಾನ ಹೇಳ್ತಾರಲ್ಲ, ಹಾಗೆ. ಇದರ ಜೊತೆಗೆ ಬಿಡಿಭಾಗ ಎಲ್ಲಿ ಸಿಗುತ್ತೆ, ಯಾವುದನ್ನ ಹೊಸದಾಗಿ ಮಾಡಿಸಬೇಕು, ಯಾರಿಗೆ ಆ ಕೆಲಸ ಬರುತ್ತೆ ಅನ್ನೋ ಲೆಕ್ಕವೂ ಕ್ಲಬ್ಬಿನದೇ.

ಕೊರೋನಾಕ್ಕೆ ಮೊದಲು ಈ ಓಟ ನಿಂತಿದ್ದು ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಆಮೇಲೆ 1947ರಲ್ಲಿ. ಎರಡಕ್ಕೂ ಕಾರಣ ಪೆಟ್ರೋಲು. 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲ್ ರೇಷನ್ ಬಂತು; 1942ರಲ್ಲಿ ಸಾಮಾನ್ಯ ಜನರ ಪಾಲು ಪೂರ್ತಿ ನಿಂತೇ ಹೋಯಿತು. ರೇಷನ್ ಕೊನೆಯಾಗಿದ್ದು 1950ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಎಷ್ಟೋ ಕಾರುಗಳು ಇಟ್ಟಿಗೆಯ ಮೇಲೆ ನಿಂತಿದ್ದವು.

ಆಗ ಹುಚ್ಚಿದ್ದೋರು ಏನು ಮಾಡಿದರು ಗೊತ್ತಾ? ಬರೆದರು. 'ಮೋಟಾರ್ ಸ್ಪೋರ್ಟ್' ಅನ್ನೋ ಪತ್ರಿಕೆಗೆ ಬಿಲ್ ಬಾಡಿ ಸಂಪಾದಕ. ರೇಸ್ ಇಲ್ಲ, ವರದಿ ಮಾಡೋಕೆ ಏನೂ ಇಲ್ಲ. ಅವರು ಬೇರೆ ಸರ್ಕಾರಿ ಕೆಲಸ ಮಾಡುತ್ತಲೇ ಪತ್ರಿಕೆ ನಡೆಸಿದರು. ಓದುಗರಿಂದ 'ನಾನು ಇಟ್ಟುಕೊಂಡಿದ್ದ ಕಾರುಗಳು' ಅನ್ನೋ ಥರದ ಲೇಖನ ಬರೆಸಿದರು. ಯಾವ ಕಾರು, ಎಷ್ಟಕ್ಕೆ ತಗೊಂಡೆ, ಎಲ್ಲಿ ಕೈಕೊಟ್ಟಿತು, ಹೇಗೆ ರಿಪೇರಿ ಮಾಡಿದೆ, ಇಷ್ಟೇ. ಓಡೋ ಕಾಲದಲ್ಲಿ ಯಾರೂ ಕೂತು ಬರೆಯದ ವಿವರಗಳು ಓಡದ ಕಾಲದಲ್ಲಿ ಕಾಗದಕ್ಕೆ ಬಂದವು.

ಈಗ 2020ಕ್ಕೆ ಬರೋಣ. ಮಾರ್ಚ್ 23ರ ರಾತ್ರಿ ಬ್ರಿಟನ್ ಲಾಕ್‌ಡೌನ್ ಆಯ್ತು, ಮರುದಿನ ರಾತ್ರಿ ನಮ್ಮದು. ಈ ಸಲ ಸಮಸ್ಯೆ ಉಲ್ಟಾ. ಪೆಟ್ರೋಲ್ ಬೇಕಾದಷ್ಟಿತ್ತು, ಬೆಲೆಯೂ ಇಳಿದಿತ್ತು. ಆದರೆ ಮನುಷ್ಯರು ಸೇರೋ ಹಾಗಿರಲಿಲ್ಲ. ಅಗತ್ಯ ಇಲ್ಲದೆ ಕಾರು ಹೊರಗೆ ತೆಗೆಯೋ ಹಾಗಿರಲಿಲ್ಲ.

ಮೊದಲ ಏಟು ಬಿದ್ದಿದ್ದು ಏಪ್ರಿಲ್‌ನಲ್ಲಿ. ಬ್ರಿಟನ್ನಿನ ಐನೂರಕ್ಕೂ ಹೆಚ್ಚು ಹಳೇ ವಾಹನ ಕ್ಲಬ್‌ಗಳಿಗೆ ಒಂದು ಒಕ್ಕೂಟ ಇದೆ. ಅದು ಪ್ರತಿ ಏಪ್ರಿಲ್‌ನಲ್ಲಿ 'ಡ್ರೈವ್ ಇಟ್ ಡೇ' ಮಾಡುತ್ತೆ, ಅಂದ್ರೆ ನಿಮ್ಮ ಹಳೇ ಗಾಡಿಯನ್ನ ಅವತ್ತು ಹೊರಗೆ ತಗೊಂಡು ಬನ್ನಿ ಅಂತ. ಅದೂ ಒಂದು ಚರಿತ್ರೆಯ ನೆನಪೇ: 1900ರ ಏಪ್ರಿಲ್ 23ರಂದು 65 ವಾಹನಗಳು ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ವಾಪಸ್ ಬರೋ ಸಾವಿರ ಮೈಲಿಯ ಪರೀಕ್ಷೆಗೆ ಹೊರಟಿದ್ದವು. ಕಾರು ಅನ್ನೋದು ಶ್ರೀಮಂತರ ಆಟದ ಸಾಮಾನಲ್ಲ, ದೂರ ಹೋಗುತ್ತೆ ಅಂತ ಜನಕ್ಕೆ ತೋರಿಸೋದು ಉದ್ದೇಶ. ಮುಂದೆ ರೋಲ್ಸ್-ರಾಯ್ಸ್ ಕಟ್ಟಿದ ಚಾರ್ಲ್ಸ್ ರೋಲ್ಸ್ ಅದರಲ್ಲಿ ಚಿನ್ನದ ಪದಕ ಗೆದ್ದಿದ್ದ. 2020ರಲ್ಲಿ ಆ ದಿನಕ್ಕೆ ಕಾರುಗಳು ಮನೆ ಬಿಟ್ಟು ಕದಲಲಿಲ್ಲ.

ಆದರೆ ಕ್ಲಬ್‌ಗಳು ಸುಮ್ಮನೆ ಕೂರಲಿಲ್ಲ. ತಿಂಗಳ ಪಬ್ ಸಭೆ ಝೂಮ್‌ಗೆ ಬಂತು. ಫೋಟೋ ಕಳಿಸಿ ಕಾರುಗಳ ಸೌಂದರ್ಯ ಸ್ಪರ್ಧೆ ಮಾಡಿದರು. ಗ್ಯಾರೇಜಿನಲ್ಲಿ ಫೋನ್ ನಿಲ್ಲಿಸಿಕೊಂಡು ಕಾರ್ಬ್ಯುರೇಟರ್ ಬಿಚ್ಚೋದು ತೋರಿಸಿದರು. ಪತ್ರಿಕೆಗಳನ್ನ ನಿಲ್ಲಿಸಲಿಲ್ಲ, ಪ್ರವಾಸದ ವರದಿ ಇರಬೇಕಾದ ಪುಟಗಳಲ್ಲಿ ಸದಸ್ಯರ ಹಳೇ ನೆನಪುಗಳು ಬಂದವು, ಥೇಟ್ ಯುದ್ಧಕಾಲದ ಹಾಗೆ. ಒಂಟಿಯಾಗಿರೋ ಹಿರಿಯ ಸದಸ್ಯರಿಗೆ ಫೋನ್ ಮಾಡಿ ವಿಚಾರಿಸಿಕೊಳ್ಳೋದೂ ಕ್ಲಬ್ಬಿನ ಕೆಲಸ ಆಯ್ತು. ಅಕ್ಟೋಬರ್‌ನಲ್ಲಿ ಗುಡ್‌ವುಡ್‌ನಲ್ಲಿ ಪ್ರೇಕ್ಷಕರೇ ಇಲ್ಲದೆ ಮೂರು ದಿನ ರೇಸ್ ನಡೆಸಿ ಆನ್‌ಲೈನಿನಲ್ಲಿ ತೋರಿಸಿದರು.

ಇನ್ನೊಂದು ದೊಡ್ಡ ಕೆಲಸ, ನಿಂತ ಗಾಡಿ ಕೆಡದ ಹಾಗೆ ನೋಡಿಕೊಳ್ಳೋದು. ತಿಂಗಳುಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತೆ, ಪೆಟ್ರೋಲ್ ಹಳಸುತ್ತೆ, ಟೈರು ಒಂದೇ ಕಡೆ ಭಾರ ಬಿದ್ದು ಚಪ್ಪಟೆ ಆಗುತ್ತೆ, ಬ್ರೇಕು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸಾಕು ಅಂತ ನಾವು ಅಂದ್ಕೋತೀವಿ. ಅದು ಇನ್ನೂ ಕೆಟ್ಟದ್ದು. ಎಂಜಿನ್ ಪೂರ್ತಿ ಬಿಸಿ ಆಗಲ್ಲ, ಒಳಗೆ ನೀರಿನ ಪಸೆ ನಿಂತು ಆಯಿಲ್‌ಗೆ ಸೇರುತ್ತೆ, ಸೈಲೆನ್ಸರ್ ಒಳಗಿಂದಲೇ ತುಕ್ಕು ಹಿಡಿಯುತ್ತೆ.

ಇಲ್ಲಿ ನಮ್ಮಪ್ಪ ಬರ್ತಾರೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಜ್ಜ ತಗೊಂಡ 1978ರ ಅಂಬಾಸಡರ್ ಇದೆ. ಅಂಬಾಸಡರ್ ಅಂದ್ರೆ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಅದರ 1489 ಸಿಸಿ ಎಂಜಿನ್ ಅಲ್ಲಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದ ಅದೇ ಬಿ-ಸೀರೀಸ್ ವಂಶದ್ದು. 2020ರ ಜೂನ್‌ನಲ್ಲಿ ಅಪ್ಪ ಅದನ್ನ ಸ್ಟಾರ್ಟ್ ಮಾಡಿದರೆ ಎಂಜಿನ್ ಎದ್ದಿತು, ಗೇರ್ ಬೀಳಲಿಲ್ಲ. ಕರ್ ಅಂತ ಸದ್ದು. ನಾನು ಪುಣೆಯಲ್ಲಿ, ಅಪ್ಪನಿಗೆ ಎಪ್ಪತ್ತು ದಾಟಿದೆ, ಗ್ಯಾರೇಜಿಗೆ ಹೋಗಬೇಡಿ ಅಂತ ನಾನೇ ಹೇಳಿದ್ದೆ. ನಲವತ್ತು ವರ್ಷದಿಂದ ಆ ಗಾಡಿ ನೋಡಿಕೊಳ್ತಿದ್ದ ಮಿಸ್ತ್ರಿ ಕಾಕಾಗೆ ವಿಡಿಯೋ ಕಾಲ್ ಹಚ್ಚಿದೆವು.

"ಗಾಡಿ ಅಂದ್ರ ಎತ್ತು ಇದ್ದಂಗ್ರೀ. ಕೊಟ್ಟಿಗ್ಯಾಗ ಮೂರು ತಿಂಗಳ ಕಟ್ಟಿಹಾಕಿದ್ರ ಕಾಲ್ ಹಿಡಕೊಳ್ಳೂದಿಲ್ಲೇನು?" ಅಂದರು ಕಾಕಾ. ಕ್ಲಚ್ ಪ್ಲೇಟು ತುಕ್ಕಿಗೆ ಅಂಟಿಕೊಂಡಿತ್ತು. "ಬಿಚ್ಚೂದು ಬ್ಯಾಡ. ಎಂಜಿನ್ ಛಲೋ ಕಾಯ್ಲಿ, ಆಮ್ಯಾಲ ಆಫ್ ಮಾಡ್ರಿ. ಮುಂದ ಬಯಲು ಖಾಲಿ ಐತಿಲ್ಲೋ ನೋಡಿ, ಗೇರಿಗೆ ಹಾಕಿ, ಕ್ಲಚ್ ತುಳಕೊಂಡೇ ಸ್ಟಾರ್ಟ್ ಮಾಡ್ರಿ. ಗಾಡಿ ಓಡತಿರಬೇಕಾದ್ರ ಕ್ಲಚ್ ಬಿಡಬ್ಯಾಡ್ರಿ, ಎಕ್ಸಲೇಟರ್ ಒತ್ತ್ರಿ, ಬಿಡ್ರಿ." ಅಪ್ಪ ಪಕ್ಕದ ಖಾಲಿ ಮೈದಾನದಲ್ಲಿ ಹಾಗೇ ಮಾಡಿದರು. ಮೂರನೇ ಸುತ್ತಿಗೆ ಟಕ್ ಅಂತ ಬಿಟ್ಟಿತು. ಆಮೇಲೆ ಓದಿದರೆ, ಇಂಗ್ಲೆಂಡಿನ ಹಳೇ ಕಾರಿನವರೂ ಇದೇ ಉಪಾಯ ಹೇಳ್ತಾರೆ. ಒಂದೇ ವಂಶದ ಎಂಜಿನ್ನು, ಒಂದೇ ವಿದ್ಯೆ. ಅವರ ಕ್ಲಬ್‌ಗಳ ಬೆನ್ನು ಹತ್ತಿದ್ದು ಹೀಗೆ.

2021ರ ಏಪ್ರಿಲ್ 25, ಭಾನುವಾರ. ಬ್ರಿಟನ್ನಿನಲ್ಲಿ ನಿರ್ಬಂಧ ಸಡಿಲಾಗಿತ್ತು. ಡ್ರೈವ್ ಇಟ್ ಡೇಗೆ ಕಾರುಗಳು ಹೊರಗೆ ಬಂದವು. ಆ ವರ್ಷದಿಂದ ಅದರ ಜೊತೆಗೆ ಮಕ್ಕಳ ಸಹಾಯವಾಣಿಗೆ ದೇಣಿಗೆ ಕೂಡಿಸೋ ಕೆಲಸವೂ ಸೇರಿತು. ಫೋಟೋಗಳಲ್ಲಿ ವಸಂತದ ಬಿಸಿಲು, ಹಳ್ಳಿ ರಸ್ತೆ, ನಗೋ ಮುಖಗಳು. ನಮ್ಮಲ್ಲಿ ಆ ವಾರ ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ. ಆಕ್ಸಿಜನ್, ಬೆಡ್, ಇಂಜೆಕ್ಷನ್ ಅಂತ ನಮ್ಮ ನಿಮ್ಮೆಲ್ಲರ ವಾಟ್ಸಾಪ್ ತುಂಬಿತ್ತು. ಆ ಅಲೆಯಲ್ಲೇ ಮಿಸ್ತ್ರಿ ಕಾಕಾ ಹೋದರು.

ನಾವು ಸಾಫ್ಟ್‌ವೇರ್‌ನಲ್ಲಿ ಒಂದು ಪ್ರಶ್ನೆ ಕೇಳ್ತೀವಿ: ಈ ಪ್ರಾಜೆಕ್ಟ್‌ನಲ್ಲಿ ಎಷ್ಟು ಜನ ನಾಳೆ ಬರದೇ ಹೋದರೆ ಕೆಲಸ ನಿಲ್ಲುತ್ತೆ? ಉತ್ತರ 'ಒಬ್ಬರು' ಅಂತಾದರೆ ಪ್ರಾಜೆಕ್ಟ್ ಅಪಾಯದಲ್ಲಿದೆ ಅಂತ ಅರ್ಥ. ಅಪ್ಪನ ಗಾಡಿಯ ವಿಷಯದಲ್ಲಿ ಉತ್ತರ ಒಬ್ಬರೇ ಆಗಿತ್ತು. ಆ ಕಾರ್ಬ್ಯುರೇಟರ್‌ಗೆ ಯಾವ ಜೆಟ್ ಹಾಕಿದ್ದರು, ಯಾವ ಬೇರಿಂಗ್ ಬದಲಿಗೆ ಯಾವುದು ಕೂರುತ್ತೆ, ಎಲ್ಲ ಕಾಕಾನ ತಲೆಯಲ್ಲಿತ್ತು. ನನ್ನ ಹತ್ತಿರ ಎಂಟೆಕ್ ಇತ್ತು, ಫೋನಿನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಇತ್ತು, ಮನೆಯಿಂದಲೇ ಕೆಲಸ ಮಾಡ್ತಿದ್ದ ವರ್ಷವೂ ಇತ್ತು. ಜೂನ್‌ನ ಆ ವಿಡಿಯೋ ಕಾಲನ್ನ ನಾನು ರೆಕಾರ್ಡ್ ಮಾಡಲಿಲ್ಲ. ಕಾಕಾ ಎಲ್ಲಿ ಹೋಗ್ತಾರೆ ಅಂದ್ಕೊಂಡಿದ್ದೆ.

ಬ್ರಿಟನ್ನಿನ ಕ್ಲಬ್‌ಗಳಲ್ಲೂ ವಯಸ್ಸಾದವರೇ ಹೆಚ್ಚು. ರೋಗ ಹೆಚ್ಚು ಕಾಡಿದ್ದೂ ಆ ವಯಸ್ಸಿನವರನ್ನೇ. ಅವರೂ ಜನರನ್ನ ಕಳೆದುಕೊಂಡರು. ಆದರೆ ತೊಂಬತ್ತು ವರ್ಷದಿಂದ ಬರೆದಿಡೋ ಅಭ್ಯಾಸ ಇದ್ದದ್ದರಿಂದ, ಹೋದವರ ವಿದ್ಯೆ ಅವರ ಜೊತೆಗೇ ಪೂರ್ತಿ ಹೋಗಲಿಲ್ಲ. 2021ರ ನವೆಂಬರ್ 7ರಂದು ಬ್ರೈಟನ್ ಓಟ ಮತ್ತೆ ನಡೆಯಿತು, 1896ರ ಮೆರವಣಿಗೆಗೆ 125 ವರ್ಷ ತುಂಬಿದ ವರ್ಷದಲ್ಲಿ. ಹೈಡ್ ಪಾರ್ಕ್‌ನಲ್ಲಿ ಬೆಳಗಿನ ಚಳಿಯಲ್ಲಿ ಹ್ಯಾಂಡಲ್ ತಿರುಗಿಸಿ ಆ ಎಂಜಿನ್‌ಗಳನ್ನ ಎಬ್ಬಿಸಬೇಕಾದರೆ ಯಾರಾದರೂ ಹೇಳಿಕೊಟ್ಟಿರಲೇಬೇಕು.

ಈಗ ಹುಬ್ಬಳ್ಳಿಗೆ ಹೋದಾಗಲೆಲ್ಲ ಕಾಕಾನ ಮಗನ ಜೊತೆ ಕೂತು, ಅವನಿಗೆ ನೆನಪಿರೋದನ್ನ ಒಂದು ನೋಟ್‌ಬುಕ್‌ನಲ್ಲಿ ಬರೀತಿದ್ದೇನೆ. ಇಲ್ಲೀವರೆಗೆ ಹದಿನೇಳು ಪುಟ ಆಗಿದೆ. ಎಷ್ಟೋ ಕಡೆ ಅವನೂ "ಅದು ಅಪ್ಪಗ ಗೊತ್ತಿತ್ತ್ರಿ" ಅಂತಾನೆ. ಅಲ್ಲಿ ಜಾಗ ಖಾಲಿ ಬಿಟ್ಟು ಮುಂದಕ್ಕೆ ಹೋಗ್ತೀವಿ.

ನಿಮ್ಮ ಮನೆಯಲ್ಲೂ ಇಂಥವರು ಇರ್ತಾರೆ. ಗಾಡಿಯೇ ಆಗಬೇಕಂತಿಲ್ಲ, ಮಗ್ಗ ಇರಬಹುದು, ಹಾರ್ಮೋನಿಯಂ ರಿಪೇರಿ ಇರಬಹುದು, ಅಜ್ಜಿಯ ಉಪ್ಪಿನಕಾಯಿ ಇರಬಹುದು. ಈ ಸಲ ರಜೆಗೆ ಊರಿಗೆ ಹೋದಾಗ ಫೋನ್ ಎದುರಿಗಿಟ್ಟು ಒಂದು ಗಂಟೆ ಅವರನ್ನ ಮಾತಾಡಿಸಿ, ರೆಕಾರ್ಡ್ ಒತ್ತೋದು ಮರೀಬೇಡಿ. ಯಾರನ್ನ ಮಾತಾಡಿಸಿದ್ರಿ ಅಂತ ಕಾಮೆಂಟ್‌ನಲ್ಲಿ ಬರೀರಿ.