ಬಂದರಿನ ಹಕ್ಕು, ದೊರೆಮಗನ ಹೊಣೆ

ನಾನು ಬಯಲುಸೀಮೆಯವನು. ನನ್ನ ಊರು ಬಳಗಾನೂರು, ಸಿಂಧನೂರು–ಮಸ್ಕಿ ಸೀಮೆಯ ಎರೆಯ ನೆಲ. ತುಂಗಭದ್ರೆಯ ಕಾಲುವೆಯಲ್ಲಿ ಹರಿಯುವ ನೀರನ್ನೇ ಮಹಾಜಲವೆಂದು ನಂಬಿ ಬೆಳೆದ ನಾನು ಇಂದು ಕಡಲ ಬಂದರುಗಳ ವಿಷಯವಾಗಿ ಮಾತನಾಡುವುದು ಕೇಳುಗರಿಗೆ ವಿಚಿತ್ರವೆನಿಸಬಹುದು. ಇದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಾಗದ.

ಆತ ಕುಟುಂಬ ಸಮೇತ ಕೆರಿಬಿಯನ್ ಕಡಲಿನಲ್ಲಿ ಪ್ರವಾಸದ ಹಡಗನ್ನೇರಿ, ಸ್ಯಾನ್ ಹುವಾನ್ ಎಂಬ ಬಂದರು ಪಟ್ಟಣದಲ್ಲಿ ಒಂದು ಹಗಲನ್ನು ಕಳೆದನಂತೆ. ಬೆಳಿಗ್ಗೆ ಹಡಗಿನ ಬಾಗಿಲಲ್ಲಿ ಒಂದು ಚೀಟಿಯನ್ನು ತೋರಿಸಿ ಇಳಿದದ್ದು, ನೀಲಿಗಲ್ಲು ಹಾಸಿದ ಬೀದಿಗಳಲ್ಲಿ ಅಲೆದದ್ದು, ಸ್ಪೇನಿನವರು ಕಟ್ಟಿದ ಕೋಟೆಯನ್ನು ಕಂಡದ್ದು, ಸಂಜೆ ಅದೇ ಚೀಟಿಯನ್ನು ತೋರಿಸಿ ಹಡಗು ಹತ್ತಿದ್ದು, ಎಲ್ಲವನ್ನೂ ಬರೆದಿದ್ದ. ಕೊನೆಯಲ್ಲಿ, “ಗುರುಗಳೇ, ನಮ್ಮ ಹೆಸರನ್ನು ಕೂಡ ಆ ಊರಿನಲ್ಲಿ ಯಾರೂ ಕೇಳಲಿಲ್ಲ” ಎಂದು ಸಂತೋಷಪಟ್ಟಿದ್ದ. ಆ ಒಂದು ವಾಕ್ಯ ನನ್ನನ್ನು ಆರು ಶತಮಾನಗಳಿಗೂ ಹಿಂದಿನ ನಮ್ಮ ತುಳುನಾಡಿನ ಕರಾವಳಿಗೆ ಕರೆದೊಯ್ದಿತು.

ಮೊರಾಕ್ಕೋ ದೇಶದ ಇಬ್ನ್ ಬತೂತನ ಹೆಸರನ್ನು ತಾವೆಲ್ಲರೂ ಕೇಳಿದ್ದೀರಿ. ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ, ಚೀನದ ಚಕ್ರವರ್ತಿಗೆ ಕಾಣಿಕೆಗಳನ್ನು ಹೊತ್ತು ಆತ 1342ರಲ್ಲಿ ದಿಲ್ಲಿಯಿಂದ ಹೊರಟ. ದಾರಿಯಲ್ಲಿ, ಕೋಯಿಲ್ ಪಟ್ಟಣದ ಬಳಿ, ದರೋಡೆಗಾರರ ಕೈಗೆ ಸಿಕ್ಕಿ ಜೀವ ಉಳಿಸಿಕೊಂಡದ್ದೇ ಹೆಚ್ಚು. ಗುಜರಾತಿನ ಕರಾವಳಿಯಲ್ಲಿ ಆತ ಏರಿದ ಹಡಗಿನಲ್ಲಿ ಐವತ್ತು ಮಂದಿ ಹುಟ್ಟು ಹಾಕುವವರಿದ್ದರೆ, ಕಾವಲಿಗೆ ಐವತ್ತು ಮಂದಿ ಹಬಶಿ ಯೋಧರಿದ್ದರು. ಇಂಥ ಹಡಗು ಹೊನ್ನಾವರವನ್ನು ದಾಟಿ ಬಾರಕೂರಿನ ಎದುರಿಗೆ ಲಂಗರು ಹಾಕಿತು. ಆತನ ಬರವಣಿಗೆಯಲ್ಲಿ ಬಾರಕೂರು ‘ಫಾಕನೂರ್’ ಆಗಿದೆ, ಮಂಗಳೂರು ‘ಮಂಜರೂರ್’ ಆಗಿದೆ.

ಬಾರಕೂರಿನ ದೊರೆಯನ್ನು ಆತ ‘ಬಾಸದೇವ’ ಎಂದು ಕರೆಯುತ್ತಾನೆ. ವಾಸುದೇವನೆಂಬ ಹೆಸರು ಅರಬ್ಬೀ ನಾಲಗೆಯಲ್ಲಿ ಹೀಗಾಗಿರಬೇಕು. ಈ ದೊರೆಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಆ ದಾರಿಯಲ್ಲಿ ಹೋಗುವ ಯಾವ ಹಡಗೂ ಅಲ್ಲಿ ನಿಂತು ದೊರೆಗೆ ಕಾಣಿಕೆ ಕೊಡದೆ ಮುಂದೆ ಸಾಗುವಂತಿರಲಿಲ್ಲ. ತಪ್ಪಿಸಿಕೊಂಡು ಹೋದವರನ್ನು ಬೆನ್ನಟ್ಟಿ ಹಿಡಿದು ತಂದು, ಸುಂಕವನ್ನು ಇಮ್ಮಡಿ ಮಾಡಿ, ಮನಬಂದಷ್ಟು ದಿನ ತಡೆದಿಡುತ್ತಿದ್ದರು. ಈ ಕಟ್ಟಳೆಗೆ ಇದ್ದ ಹೆಸರು ‘ಬಂದರಿನ ಹಕ್ಕು’ ಎಂದು ಆತ ಬರೆಯುತ್ತಾನೆ. ಗಮನಿಸಿ: ‘ಬಂದರು’ ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು, ‘ಹಕ್ಕು’ ಅರಬ್ಬಿಯಿಂದ ಬಂದದ್ದು. ಈ ಎರಡು ಮಾತುಗಳೂ ಇಂದು ಬಳಗಾನೂರಿನ ರೈತನ ಬಾಯಲ್ಲಿ ಅಚ್ಚಗನ್ನಡವಾಗಿ ಕುಳಿತಿವೆ. ಹಡಗುಗಳು ಮೆಣಸನ್ನು ಒಯ್ದವು, ಮಾತುಗಳನ್ನು ಬಿಟ್ಟುಹೋದವು.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದರ ಮುಂದಿನದು. ಹಡಗು ನಿಂತೊಡನೆ ಬಾರಕೂರಿನ ದೊರೆ ತನ್ನ ಮಗನನ್ನು ಹಡಗಿಗೆ ಕಳುಹಿಸಿದ. ಆತ ಅಲ್ಲಿ ಒತ್ತೆಯಾಗಿ ಉಳಿದ ಮೇಲೆಯೇ ಅತಿಥಿಗಳು ದಡಕ್ಕಿಳಿದರು. ಮೂರು ರಾತ್ರಿ ಅವರಿಗೆ ಭರ್ಜರಿಯಾದ ಆತಿಥ್ಯ ನಡೆಯಿತು. ದಿಲ್ಲಿಯ ಸುಲ್ತಾನನ ಮೇಲಿನ ಗೌರವ ಒಂದು ಕಾರಣ, ಹಡಗಿನವರೊಡನೆ ವ್ಯಾಪಾರ ಮಾಡಿ ಲಾಭ ಪಡೆಯುವ ಆಸೆ ಇನ್ನೊಂದು ಕಾರಣ ಎಂದು ಬತೂತನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆ ಊರಿನ ಕಬ್ಬಿನ ರುಚಿಯನ್ನು ಹೊಗಳುವುದನ್ನೂ ಮರೆಯುವುದಿಲ್ಲ.

ಮಂಗಳೂರಿನಲ್ಲಿ ಇದೇ ಪ್ರಸಂಗ ಸ್ವಲ್ಪ ಬಿಗಿಯಾಯಿತು. ಅದು ಮೆಣಸು, ಶುಂಠಿಗಳು ಹೇರಳವಾಗಿದ್ದ ಊರು. ಪಾರಸದ ಮತ್ತು ಯಮನಿನ ವರ್ತಕರು ಅಲ್ಲಿ ಇಳಿಯುತ್ತಿದ್ದರು. ಊರ ಹೊರಗೆ ಸುಮಾರು ನಾಲ್ಕು ಸಾವಿರ ಮುಸ್ಲಿಮರ ವಸತಿಯಿತ್ತು. ಅವರಿಗೂ ಊರಿನವರಿಗೂ ಆಗಾಗ ಕಲಹವಾಗುತ್ತಿದ್ದು, ವರ್ತಕರಿಲ್ಲದೆ ಸಾಗದ ದೊರೆ ರಾಮದೇವನು ನಡುವೆ ನಿಂತು ಸಂಧಾನ ಮಾಡಿಸುತ್ತಿದ್ದ. ಅಲ್ಲಿನ ಕಾಜಿಯು ಹಡಗಿಗೆ ಬಂದು ಇಳಿಯಬೇಕೆಂದು ಕೇಳಿಕೊಂಡ. “ದೊರೆ ಮಗನನ್ನು ಕಳುಹಿಸಲಿ” ಎಂದರು ಇವರು. ಬಾರಕೂರಿನಲ್ಲಿ ನಮ್ಮವರಿಗೆ ಬಲವಿಲ್ಲ, ಇಲ್ಲಿ ಹಾಗಲ್ಲ, ಒತ್ತೆಯ ಅಗತ್ಯವೇನು ಎಂದು ಕಾಜಿ ವಾದಿಸಿದ. ಇವರು ಬಗ್ಗಲಿಲ್ಲ. ಕಡೆಗೆ ರಾಮದೇವನ ಮಗನೂ ಹಡಗನ್ನೇರಿದ. ಅತಿಥಿಗಳು ಇಳಿದು ಮೂರು ದಿನ ಸತ್ಕಾರವನ್ನು ಪಡೆದರು.

ಕನ್ನಡದಲ್ಲಿ ‘ಒತ್ತೆ’ ಎಂಬುದೊಂದು ಮಾತು, ‘ಹೊಣೆ’ ಎಂಬುದು ಇನ್ನೊಂದು. ನಾನು ಚಿಕ್ಕವನಿದ್ದಾಗ ನಮ್ಮ ಸೀಮೆಯ ದನದ ಸಂತೆಯಲ್ಲಿ ಗುರುತಿಲ್ಲದವನು ಎತ್ತನ್ನು ಉದ್ದರಿ ಕೇಳಿದರೆ, “ಯಾರ ಜಾಮೀನು?” ಎಂಬುದೇ ಮೊದಲ ಪ್ರಶ್ನೆ. ಯಾರಾದರೂ ಮುಂದೆ ಬಂದು “ನಾನಿದ್ದೇನೆ” ಎಂದರೆ ಹಗ್ಗ ಕೈ ಬದಲಾಯಿಸುತ್ತಿತ್ತು. ಒತ್ತೆ ಎಂಬುದು ಇಡುವ ವಸ್ತು. ಹೊಣೆ ಎಂಬುದು ನಿಲ್ಲುವ ಮನುಷ್ಯ. ಬಾರಕೂರು, ಮಂಗಳೂರುಗಳಲ್ಲಿ ದೊರೆಯ ಮಗ ಎರಡೂ ಆಗಿದ್ದ. ಇದನ್ನು ಒರಟು ಕಾಲದ ಒರಟು ಪದ್ಧತಿಯೆಂದು ತಳ್ಳಿಹಾಕುವುದು ಸುಲಭ. ಆದರೆ ಪರಸ್ಪರ ಭಾಷೆ ತಿಳಿಯದ, ಧರ್ಮ ಬೇರೆಯಾದ, ಆಯುಧ ಹಿಡಿದ ಎರಡು ಜನ ಸಮೂಹಗಳು ಊಟಕ್ಕೆ ಒಟ್ಟಿಗೆ ಕೂಡಲು ಕಂಡುಕೊಂಡ ಉಪಾಯ ಅದು. ತನಗೆ ಅತ್ಯಂತ ಪ್ರಿಯವಾದುದನ್ನು ಆತಿಥೇಯನು ತಾನಾಗಿ ಮುಂದಿಟ್ಟ. ಕೇಳಿದ್ದು ಅತಿಥಿ, ಕೊಟ್ಟದ್ದು ದೊರೆ.

ಕೆರಿಬಿಯನ್ ದ್ವೀಪಗಳ ಚರಿತ್ರೆಯಲ್ಲಿ ಇದು ತಿರುಗುಮುರುಗಾಯಿತು. 1492ರ ಅಕ್ಟೋಬರ್ 12ರಂದು ಗ್ವಾನಹಾನಿ ಎಂಬ ದ್ವೀಪದಲ್ಲಿ ಇಳಿದ ಕೊಲಂಬಸ್ಸನನ್ನು ಅಲ್ಲಿನ ಜನ ಹತ್ತಿಯ ನೂಲು, ಗಿಳಿಗಳನ್ನು ಕೊಟ್ಟು ಎದುರುಗೊಂಡರು. ಆತ ಹೊರಡುವಾಗ ಅವರಲ್ಲಿ ಕೆಲವರನ್ನು ಹಿಡಿದು ಹಡಗಿಗೆ ಏರಿಸಿದ. ಆರು ವರ್ಷಗಳ ಅನಂತರ, 1498ರಲ್ಲಿ, ವಾಸ್ಕೋ ಡ ಗಾಮನು ಕಲ್ಲಿಕೋಟೆಯಲ್ಲಿ ಸರಕಿನ ಜಗಳಕ್ಕಾಗಿ ಊರಿನವರನ್ನು ಹಡಗಿನಲ್ಲಿ ತಡೆದಿಟ್ಟು, ಕೆಲವರನ್ನು ಬಿಟ್ಟು, ಉಳಿದವರನ್ನು ಕರೆದೊಯ್ದ. ಹೊಣೆ ಹೋಗಿ ಸೆರೆ ಬಂದಿತು. ಮುಂದೆ ನಮ್ಮ ಭಟ್ಕಳವೂ ಪೋರ್ಚುಗೀಸರಿಗೆ ಅಕ್ಕಿಯ ಕಪ್ಪ ತೆರಬೇಕಾಯಿತು.

ಇಬ್ನ್ ಬತೂತನು ತಾಯ್ನಾಡಿಗೆ ಹಿಂದಿರುಗಿ ಹೇಳಿದ ವೃತ್ತಾಂತವನ್ನು ಇಬ್ನ್ ಜುಜಯ್ ಎಂಬ ವಿದ್ವಾಂಸನು ಬರೆದು ಮುಗಿಸಿದ. ಅದರಲ್ಲಿ ದೊರೆಗಳ ಹೆಸರಿದೆ, ಕಾಜಿಯ ಹೆಸರಿದೆ, ಕಬ್ಬಿನ ಹೊಗಳಿಕೆಯಿದೆ. ಹಡಗಿನಲ್ಲಿ ಕುಳಿತ ಆ ಇಬ್ಬರು ಮಕ್ಕಳ ಹೆಸರಿಲ್ಲ. ದಡಕ್ಕಿಳಿದವನು ಕಂಡದ್ದು ಚರಿತ್ರೆಯಾಯಿತು. ಅವನು ನಿಶ್ಚಿಂತೆಯಿಂದ ಕಾಣಲೆಂದು ಹಬಶಿ ಕಾವಲಿನ ನಡುವೆ ಕುಳಿತು, ತನ್ನ ಊರನ್ನೇ ದೂರದಿಂದ ನೋಡಿದವನ ಮಾತು ಕಡಲಿನ ಪಾಲಾಯಿತು. ಒಂದು ಊರನ್ನು ಮೊದಲ ಬಾರಿಗೆ ಕಡಲಿನಿಂದ ಕಂಡ ಆ ಹುಡುಗನಿಗೆ ಏನೆನಿಸಿತೋ!

ಇಂದು ಪಣಂಬೂರಿನ ಬಂದರಿಗೂ ಪ್ರವಾಸದ ಹಡಗುಗಳು ಬರುತ್ತವೆ. ಹಗಲಿನ ಅತಿಥಿಗಳು ಕುದ್ರೋಳಿಯ ದೇವಾಲಯವನ್ನು ನೋಡಿ ಸಂಜೆಗೆ ಮರಳುತ್ತಾರೆ. ಯಾರ ಮಗನೂ ಹಡಗಿನಲ್ಲಿ ಕೂರಬೇಕಿಲ್ಲ. ಅದು ನಿಜವಾಗಿಯೂ ದೊಡ್ಡ ಭಾಗ್ಯ. ನನ್ನ ವಿದ್ಯಾರ್ಥಿಗೆ ನಾನು ಬರೆದ ಉತ್ತರ ಚಿಕ್ಕದು: “ಹೆಸರು ಕೇಳದಿದ್ದುದಕ್ಕೆ ಸಂತೋಷಪಡು. ಆದರೆ ಮುಂದಿನ ಸಲ ಇಳಿದಾಗ ನೀನಾದರೂ ಆ ಊರಿನ ಒಬ್ಬನ ಹೆಸರನ್ನು ಕೇಳಿ ಬಾ.”