ತೇಪೆ ಹತ್ತದ ಬಣ್ಣ

ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣಕ್ಕೆ ಗೀರು ಬಿದ್ದರೆ, ಗುರುತು ಕಾಣದಂತೆ ಸರಿಮಾಡಿಕೊಡುವವರು ಸಿಗುವುದಿಲ್ಲ. ಹಳೆಯ ಪೇಂಟರುಗಳ ಕೈಚಳಕ ಈಗಿನವರಿಗಿಲ್ಲ ಎಂದು ದೂರುವವರು ಬಹಳ. ಈ ದೂರು ಅನ್ಯಾಯದ್ದು. ಒಂದು ಬಣ್ಣಕ್ಕೆ ತೇಪೆ ಹತ್ತುತ್ತದೋ ಇಲ್ಲವೋ ಎನ್ನುವುದು ಅದರ ರಸಾಯನದಲ್ಲೇ ತೀರ್ಮಾನವಾಗಿರುತ್ತದೆ. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಯಾರಿಸಿತು; ಜನರಲ್ ಮೋಟರ್ಸ್ ಅದನ್ನು 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಬಳಿಯಿತು. ಡ್ಯೂಕೋ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಓಡಾಡುವ ಹೆಸರು. ಈ ಲ್ಯಾಕರ್ ಒಣಗುತ್ತಿದ್ದುದು ಥಿನ್ನರ್ ಆರಿಹೋಗುವುದರಿಂದ ಮಾತ್ರ. ಹಾಗಾಗಿ ಗೀರಿನ ಮೇಲೆ ಹೊಸ ಕೋಟ್ ಹೊಡೆದಾಗ ಅದರ ಥಿನ್ನರ್ ಹಳೆಯ ಪದರವನ್ನೂ ಕರಗಿಸಿ ಎರಡನ್ನೂ ಒಂದುಮಾಡುತ್ತಿತ್ತು. ಆಮೇಲೆ ವಾಟರ್ ಪೇಪರ್‌ನಲ್ಲಿ ಉಜ್ಜಿ ಪಾಲಿಶ್ ಹಾಕಿದರೆ ಕೂಡಿಸಿದ ಅಂಚು ಎಲ್ಲಿದೆಯೆಂದು ತಿಳಿಯುತ್ತಿರಲಿಲ್ಲ. ಆ ಪೇಂಟರುಗಳ ಕೈ ಪಳಗಿದ್ದು ನಿಜ, ಆದರೆ ಅರ್ಧ ಕೆಲಸವನ್ನು ಬಣ್ಣವೇ ಮಾಡಿಕೊಡುತ್ತಿತ್ತು.

ಜರ್ಮನಿಯ ಎರ್ವಿನ್ ಗೆಮ್ಮರ್ 1953ರಲ್ಲಿ ಬೇರೆ ದಾರಿ ಹಿಡಿದರು. ತೊಟ್ಟಿಯಲ್ಲಿ ಪ್ಲಾಸ್ಟಿಕ್ ಪುಡಿ ತುಂಬಿ, ಅಡಿಯಿಂದ ಗಾಳಿ ಊದಿ ಅದು ನೀರಿನಂತೆ ಹೊಯ್ದಾಡುವಾಗ, ಕಾಯಿಸಿದ ಲೋಹವನ್ನು ಅದರಲ್ಲಿ ಅದ್ದುವುದು. ಪಾಲಿಥೀನ್, ನೈಲಾನ್‌ನಂಥ ಆ ಪುಡಿಗಳು ಬಿಸಿ ತಗುಲಿದರೆ ಮತ್ತೆ ಕರಗುತ್ತಿದ್ದವು, ತಿದ್ದಲು ಅಷ್ಟಾದರೂ ಅವಕಾಶವಿತ್ತು. 1960ರ ದಶಕದಲ್ಲಿ ವಿದ್ಯುತ್ ಆವೇಶದ ಗನ್‌ನಿಂದ ಸಿಂಪಡಿಸುವ ಎಪಾಕ್ಸಿ ಪುಡಿಗಳು ಬಂದಮೇಲೆ ಅದೂ ಹೋಯಿತು. ಸುಮಾರು 180ರಿಂದ 200 ಡಿಗ್ರಿ ಓವನ್‌ನಲ್ಲಿ ಅವುಗಳ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಸುಟ್ಟ ಇಟ್ಟಿಗೆ ಮರಳಿ ಜೇಡಿಮಣ್ಣಾಗದಂತೆ ಈ ಪದರವೂ ಮತ್ತೆ ಕರಗದು. 1966ರಲ್ಲಿ ಲಾಸ್ ಏಂಜಲೀಸ್, 1970ರಲ್ಲಿ ಇಡೀ ಅಮೆರಿಕ ಗಾಳಿಯ ಮಾಲಿನ್ಯಕ್ಕೆ ಕಾನೂನಿನ ಕಡಿವಾಣ ಹಾಕಿದಾಗ ಪುಡಿಬಣ್ಣಕ್ಕೆ ಬೆಲೆ ಬಂದದ್ದು ಅದರಲ್ಲಿ ಥಿನ್ನರ್ ಇಲ್ಲ ಎಂಬ ಕಾರಣಕ್ಕೇ. ಹಳೆಯದನ್ನೂ ಹೊಸದನ್ನೂ ಬೆಸೆಯುತ್ತಿದ್ದುದು ಅದೇ ಥಿನ್ನರ್. ಕೆಲಸಗಾರರ ಎದೆಗೆ ಹೋಗುತ್ತಿದ್ದ ಆ ಹಬೆ ತಪ್ಪಿದ್ದು ದೊಡ್ಡ ಲಾಭವೇ. ಅದಕ್ಕೆ ತೆತ್ತ ಬೆಲೆ ದುರಸ್ತಿ.

ಉಜ್ಜಿ ಎರಡನೇ ಕೋಟ್ ಹಾಕಿ ಮತ್ತೆ ಓವನ್‌ಗೆ ಕೊಡಬಹುದಲ್ಲ ಎಂದು ಬಲ್ಲವರು ಕೇಳುತ್ತಾರೆ. ಕೊಡಬಹುದು. ಆದರೆ ಆಗ ಇಡೀ ತುಂಡಿಗೆ ಹೊಸ ಹೊದಿಕೆ ಹಾಕಿದಂತಾಯಿತೇ ಹೊರತು ಗೀರನ್ನು ತಿದ್ದಿದಂತಾಗಲಿಲ್ಲ. ಪದರ ದಪ್ಪವಾದಷ್ಟೂ ಅದರ ಮೇಲೆ ಆವೇಶ ಜಮೆಯಾಗಿ ಪುಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಮೈ ಕಿತ್ತಳೆಸಿಪ್ಪೆಯಂತಾಗುತ್ತದೆ. ಗೋಡೆಗೆ ಕೂಡಿಸಿದ ಕಿಟಕಿಯನ್ನಂತೂ ಓವನ್‌ಗೆ ಒಯ್ಯುವಂತಿಲ್ಲ. ಅಲ್ಲಿ ಸಣ್ಣ ಬ್ರಷ್ಷಿನಲ್ಲಿ ದ್ರವಬಣ್ಣದ ಟಚ್-ಅಪ್ಪೇ ಗತಿ. ಅದರ ಹೊಳಪು ಬೇರೆ, ಬಿಸಿಲಿಗೆ ಮಾಸುವ ರೀತಿಯೂ ಬೇರೆ. ಇಷ್ಟು ಗಟ್ಟಿಯಾದ ಪದರಕ್ಕೆ ಗೀರು ಬೀಳುವುದೇ ಅಪರೂಪ ಎಂಬ ವಾದದಲ್ಲಿ ಹುರುಳಿದೆ, ಆದರೆ ಬಿದ್ದಲ್ಲಿ ನೀರು ಇಳಿದು, ತುಕ್ಕು ಪದರದ ಅಡಿಯಲ್ಲೇ ಹರಡುತ್ತದೆ.

ಆದ್ದರಿಂದ ಜಾಣ್ಮೆ ಓವನ್‌ನಿಂದ ಹಿಂದಕ್ಕೆ ಸರಿದಿದೆ. ಬೆಂಗಳೂರಿನ ಪೀಣ್ಯದಂಥ ಕಡೆ ಜಾಬ್‌ವರ್ಕ್ ಶೆಡ್ಡುಗಳಲ್ಲಿ ಒಳ್ಳೆಯ ಕೆಲಸಗಾರನನ್ನು ಗುರುತಿಸಬೇಕಾದದ್ದು ಅಲ್ಲಿ: ಎಣ್ಣೆ ತೊಳೆದು ಫಾಸ್ಫೇಟ್ ಮಾಡುವಲ್ಲಿ, ಬೆಸುಗೆಯ ಗಂಟು ಗ್ರೈಂಡ್ ಮಾಡುವಲ್ಲಿ, ಗುಂಡಿಗೆ ಓವನ್‌ನ ಶಾಖ ತಡೆಯುವ ಪುಟ್ಟಿಯನ್ನೇ ತುಂಬುವಲ್ಲಿ. ಎರಕದ ತುಂಡಾದರೆ ಪುಡಿ ಹಾಕುವ ಮೊದಲೇ ಒಮ್ಮೆ ಕಾಯಿಸಿ ಒಳಗಿನ ಗಾಳಿ ಹೊರಡಿಸಬೇಕು. ಇಲ್ಲದಿದ್ದರೆ ಪದರ ಬೇಯುವಾಗ ಆ ಗಾಳಿ ಸೂಜಿಮೊನೆಯಷ್ಟು ತೂತು ಕೊರೆದು ಹೊರಬರುತ್ತದೆ, ಆಮೇಲೆ ಅದನ್ನು ಮುಚ್ಚಲು ಯಾವ ಕೈಯಿಂದಲೂ ಆಗದು.