ಅರೆತಲೆನೋವು ಮತ್ತು ಕುತ್ತಿಗೆ ಚಿಕಿತ್ಸೆ: ಹಾಸನ ಸೀಮೆ

ಅರೆತಲೆನೋವು ಅಥವಾ ಮೈಗ್ರೇನ್ ಬಿಟ್ಟುಬಿಟ್ಟು ಬರುವ ನರಸಂಬಂಧಿ ಕಾಯಿಲೆ. ಹೆಚ್ಚಾಗಿ ತಲೆಯ ಒಂದು ಪಕ್ಕ ಸಿಡಿಯುತ್ತದೆ. ವಾಕರಿಕೆ, ವಾಂತಿ ಜೊತೆಗೂಡುತ್ತವೆ. ಬೆಳಕು, ಸದ್ದು ಸಹಿಸಲಾಗುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಒಂದು ಸಲದ ನೋವು 4ರಿಂದ 72 ಗಂಟೆ ಕಾಡಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆಗಳು ಮಿನುಗುತ್ತವೆ. ಸುಶ್ರುತ ಸಂಹಿತೆಯ 11 ಶಿರೋರೋಗಗಳಲ್ಲಿ ಬರುವ ಅರ್ಧಾವಭೇದಕದ ವಿವರಣೆ ಇದಕ್ಕೆ ಹತ್ತಿರವಾಗಿದೆ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಕುರಿತ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಂಡವರು ಶೇ 25.2. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಾಗಿದ್ದೂ ಮನೆಗಳಲ್ಲಿ ಇದು 'ಪಿತ್ತ', 'ಬಿಸಿಲಿನ ನೋವು' ಎಂದು ಮುಲಾಮು, ಶುಂಠಿ ಪಟ್ಟುಗಳಲ್ಲೇ ಮುಗಿದುಹೋಗುವುದು ದುಃಖದ ಸಂಗತಿ.

ಮೈಗ್ರೇನ್ ಬಂದಾಗ ಅನೇಕರಿಗೆ ಕತ್ತೂ ಹಿಡಿದುಕೊಳ್ಳುತ್ತದೆ. ಮುಖ, ಹಣೆಯ ಸಂವೇದನೆ ಒಯ್ಯುವ ತ್ರಿಶಾಖಾ ನರ ಮತ್ತು ಕತ್ತಿನ ಮೇಲ್ಭಾಗದ ಮೂರು ನರಗಳು ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುವುದರಿಂದ ನೋವು ಎಲ್ಲಿಯದೆಂದು ಗೊತ್ತಾಗದಂತೆ ಬೆರೆತುಹೋಗುತ್ತದೆ. ಕತ್ತು ಸರಿಮಾಡಿದರೆ ತಲೆನೋವು ಹೋದೀತೆಂಬ ನಂಬಿಕೆಗೆ ಇದೂ ಒಂದು ಕಾರಣ. 1895ರಲ್ಲಿ ಅಮೆರಿಕದ ಡ್ಯಾವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಕೈರೋಪ್ರಾಕ್ಟಿಕ್ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಪದ್ಧತಿ. ಭಾರತದಲ್ಲಿ ಇದಕ್ಕೆ ವೈದ್ಯಕೀಯದಂತೆ ಪ್ರತ್ಯೇಕ ಶಾಸನಬದ್ಧ ಪರಿಷತ್ತಿಲ್ಲ. ನಮ್ಮ ಕಡೆ ಇದನ್ನು ಹೋಲುವುದು ಕ್ಷೌರದಂಗಡಿಯಲ್ಲಿ ತಲೆಗೆ ಮಾಲೀಸು ಮಾಡಿ ಕೊನೆಗೆ ಕತ್ತು ತಿರುಗಿಸಿ ನೆಟಿಗೆ ತೆಗೆಯುವ ರೂಢಿ.

ಕೈರೋಪ್ರಾಕ್ಟಿಕ್‌ನಿಂದ ಮೈಗ್ರೇನ್ ವಾಸಿಯಾಗುತ್ತದೆಯೇ? ನಾರ್ವೆಯಲ್ಲಿ 104 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ಚಿಕಿತ್ಸೆ ಪಡೆದವರಿಗೂ ತೋರಿಕೆಯ ಚಿಕಿತ್ಸೆ ಪಡೆದವರಿಗೂ ನೋವಿನ ದಿನಗಳು ಕಡಿಮೆಯಾದವು. ಗುಣ ಕಂಡದ್ದು ಬಹುಶಃ ನಂಬಿಕೆಯಿಂದ ಎಂದು ಸಂಶೋಧಕರು ತೀರ್ಮಾನಿಸಿದರು. ಅಪರೂಪಕ್ಕೆ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಬಂದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಆದ್ದರಿಂದ ರಭಸದಿಂದ ಕತ್ತು ತಿರುಗಿಸಿಕೊಳ್ಳುವುದು, ಅದರಲ್ಲೂ ತರಬೇತಿಯಿಲ್ಲದವರ ಕೈಯಲ್ಲಿ, ಬೇಡ.

ಫಲ ಕಂಡ ದಾರಿ ಬೇರೆ ಇದೆ. ನೋವು ಶುರುವಾದ ಕೂಡಲೇ ಪ್ಯಾರಾಸಿಟಮಾಲ್, ನೆಪ್ರಾಕ್ಸೆನ್ ಅಥವಾ ಸುಮಾಟ್ರಿಪ್ಟಾನ್. ಪದೇಪದೇ ಬರುವವರಿಗೆ ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್‌ನಂಥ ತಡೆಮಾತ್ರೆಗಳು, ಎಲ್ಲವೂ ವೈದ್ಯರ ಸಲಹೆಯಂತೆ. ಸಾಮಾನ್ಯ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು ನುಂಗುತ್ತ ಹೋದರೆ ಗುಳಿಗೆಯೇ ತಲೆನೋವು ತರುತ್ತದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಬೇಕು. ಉಪವಾಸ ಕೆಲವರಿಗೆ ಆಗುವುದಿಲ್ಲ.

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಇನ್ನೊಂದು ಎಚ್ಚರ ಬೇಕು. ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯಿರುವ ಈ ಹೊಗೆಸೊಪ್ಪಿನ ಸೀಮೆಯಲ್ಲಿ ಒದ್ದೆ ಎಲೆ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಮೈಸೇರಿದರೆ ತಲೆನೋವು, ವಾಂತಿ, ತಲೆಸುತ್ತು ಬರುತ್ತವೆ. ಅದು ಮೈಗ್ರೇನ್ ಅಲ್ಲ. ಯಾವ ಕೆಲಸ ಮಾಡುತ್ತಿದ್ದಾಗ ನೋವು ಬಂತೆಂದು ವೈದ್ಯರಿಗೆ ತಪ್ಪದೆ ಹೇಳಬೇಕು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯೂ, ನಸ್ಯ (ಮೂಗಿಗೆ ಔಷಧಿ ಹಾಕುವುದು) ಮೊದಲಾದ ಕ್ರಮ ಬಯಸುವವರಿಗೆ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಆಸ್ಪತ್ರೆಯೂ ಇವೆ. ಜೀವಮಾನದಲ್ಲೇ ಕಾಣದಂಥ ತಲೆನೋವು ಥಟ್ಟನೆ ಬಂದರೆ, ಜ್ವರದೊಂದಿಗೆ ಕತ್ತು ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಮನೆಮದ್ದಿಗೆ ಕಾಯಬೇಡಿ; ಕೂಡಲೇ 108ಕ್ಕೆ ಕರೆ ಮಾಡಿ.